ಮರವಿಲ್ಲದ ಬಯಲಿನಲ್ಲಿ ಗಾಲಿಯ ಮನೆ

ಆಸ್ಟ್ರೇಲಿಯಾದ ಭೂಪಟವನ್ನು ಬಿಡಿಸಿದರೆ ಊರುಗಳ ಹೆಸರೆಲ್ಲ ಕಡಲಂಚಿಗೆ ಅಂಟಿಕೊಂಡಿರುವುದು ಕಾಣುತ್ತದೆ. ಒಳನಾಡು ಬಹುಮಟ್ಟಿಗೆ ಖಾಲಿ. ಸುಮಾರು 77 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ದೇಶ ಭಾರತದ ಎರಡು ಪಟ್ಟಿಗಿಂತಲೂ ದೊಡ್ಡದು. ಜನಸಂಖ್ಯೆ ಮಾತ್ರ ಕರ್ನಾಟಕದ ಅರ್ಧದಷ್ಟೂ ಇಲ್ಲ! ಈ ಒಣ ಒಳನಾಡಿಗೆ ಅಲ್ಲಿಯ ಜನ 'ಔಟ್‌ಬ್ಯಾಕ್' ಎನ್ನುತ್ತಾರೆ.

ಈ ಒಳನಾಡನ್ನು ನೋಡಲು ಹೊರಡುವವರು ಮನೆಯನ್ನೂ ಜೊತೆಗೇ ಒಯ್ಯುತ್ತಾರೆ. ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆದೊಯ್ಯುವ ಗಾಲಿಯ ಮನೆಯೇ ಕ್ಯಾರವಾನ್. ಒಳಗೆ ಹಾಸಿಗೆ, ಅನಿಲದ ಒಲೆ, ಪುಟ್ಟ ಫ್ರಿಜ್, ತಳದಲ್ಲಿ ನೀರಿನ ಟ್ಯಾಂಕು, ಮಾಡಿನ ಮೇಲೆ ಸೌರಫಲಕ. ನಿವೃತ್ತಿಯಾದೊಡನೆ ಹೀಗೆ ತಿಂಗಳುಗಟ್ಟಲೆ ತಿರುಗಲು ಹೊರಡುವ ಹಿರಿಯರು ಎಷ್ಟಿದ್ದಾರೆಂದರೆ, 'ನರೆಗೂದಲ ಅಲೆಮಾರಿಗಳು' ಎಂಬ ಅಡ್ಡಹೆಸರೇ ಅವರಿಗೆ ಬಿದ್ದಿದೆ. ಮಕ್ಕಳನ್ನು ಕಟ್ಟಿಕೊಂಡು ವರ್ಷವಿಡೀ ದೇಶ ಸುತ್ತುವ ಕುಟುಂಬಗಳೂ ಉಂಟು. ಹೆದ್ದಾರಿಯ ಬದಿಯಲ್ಲಿ ಗುರುತುಮಾಡಿದ ತಂಗುದಾಣಗಳಲ್ಲಿ ಬಾಡಿಗೆ ಕೊಡದೆ ರಾತ್ರಿ ಕಳೆಯಬಹುದು. ಹಲವೆಡೆ 24 ಗಂಟೆಗಳವರೆಗೆ ಅನುಮತಿ ಇರುತ್ತದೆ. ಆದರೆ ಬಾಡಿಗೆಯಿಲ್ಲದ ಜಾಗದಲ್ಲಿ ನಲ್ಲಿಯಿಲ್ಲ, ವಿದ್ಯುತ್ತಿಲ್ಲ, ಕಸ ಒಯ್ಯುವವರೂ ಇಲ್ಲ. ಎಲ್ಲಕ್ಕೂ ತಾವೇ ಲೆಕ್ಕ ಹಾಕಿಕೊಳ್ಳಬೇಕು.

ಈ ಲೆಕ್ಕ ಏನೆಂದು ತಿಳಿಯಲು ನಲ್ಲರ್‌ಬೋರ್ ಬಯಲಿನ ಹಾದಿಗಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ.

ನೆಟ್ಟಗೆ 146 ಕಿಲೋಮೀಟರ್

ಪಶ್ಚಿಮದ ನಾರ್ಸ್‌ಮನ್ ಪಟ್ಟಣದಿಂದ ಪೂರ್ವದ ಪೋರ್ಟ್ ಆಗಸ್ಟಾದವರೆಗೆ ಸಾಗುವ ಐರ್ ಹೆದ್ದಾರಿಯ ಉದ್ದ 1,600 ಕಿಲೋಮೀಟರಿಗೂ ಹೆಚ್ಚು. ಪೂರ್ತಿ ಡಾಂಬರು ಕಂಡದ್ದು 1976ರಲ್ಲಿ. ಪಶ್ಚಿಮದ ತುದಿಯಲ್ಲಿ ನೀಲಗಿರಿಯ ಜಾತಿಯ ಮರಗಳ ಕಾಡಿದೆ. ಮುಂದೆ ಮರಗಳು ಗಿಡ್ಡವಾಗುತ್ತಾ, ವಿರಳವಾಗುತ್ತಾ, ಕೊನೆಗೆ ಮೊಣಕಾಲೆತ್ತರದ ಬೂದುಬಣ್ಣದ ಪೊದೆಗಳಷ್ಟೇ ಉಳಿಯುತ್ತವೆ. ನಲ್ಲರ್‌ಬೋರ್ ಎಂದರೆ ಲ್ಯಾಟಿನ್ನಿನಲ್ಲಿ 'ಮರವಿಲ್ಲದ್ದು' ಎಂದೇ ಅರ್ಥ. ಬಲಡೋನಿಯಾದಿಂದ ಕೈಗುನಾದ ಕಡೆಗೆ ಹೋಗುವಾಗ ರಸ್ತೆ 146 ಕಿಲೋಮೀಟರ್ ದೂರ ಒಂದೇ ಒಂದು ತಿರುವಿಲ್ಲದೆ ಗೀಟು ಎಳೆದಂತೆ ಸಾಗುತ್ತದೆ. ಬಯಲಿನ ಉತ್ತರಭಾಗದಲ್ಲಿ ಹಾದುಹೋಗುವ ರೈಲುಹಳಿಯಂತೂ 478 ಕಿಲೋಮೀಟರ್ ನೇರವಾಗಿದೆ. ಜಗತ್ತಿನಲ್ಲಿ ಇದಕ್ಕಿಂತ ಉದ್ದದ ನೇರ ಹಳಿ ಇನ್ನೊಂದಿಲ್ಲ.

ಈ ಬಯಲು ಹಿಂದೊಮ್ಮೆ ಸಮುದ್ರದ ತಳವಾಗಿತ್ತು. ಕಡಲಜೀವಿಗಳ ಚಿಪ್ಪುಗಳು ಕೋಟಿಗಟ್ಟಲೆ ವರ್ಷಗಳ ಹಿಂದೆ ಪದರಪದರವಾಗಿ ಕೂತು ಸುಣ್ಣಕಲ್ಲಾದವು. ಆಮೇಲೆ ನೆಲ ಮೇಲೆದ್ದಿತು. ಸುಣ್ಣಕಲ್ಲಿನ ಗುಣವೇನು? ಬಿದ್ದ ಮಳೆಯನ್ನು ಬಿರುಕುಗಳಲ್ಲಿ ಇಂಗಿಸಿಕೊಂಡುಬಿಡುತ್ತದೆ. ಆದ್ದರಿಂದಲೇ ಸುಮಾರು ಎರಡು ಲಕ್ಷ ಚದರ ಕಿಲೋಮೀಟರ್ ಬಯಲಿನ ಮೇಲೆ ಹರಿಯುವ ನದಿಯೇ ಇಲ್ಲ. ನೆಲದಡಿ ಗುಹೆಗಳಿವೆ, ನೀರೂ ಇದೆ. ಆದರೆ ಅದು ಉಪ್ಪು.

ನೀರು ಮತ್ತು ತೂಕ

ಹೀಗಾಗಿ ದಾರಿಯಲ್ಲಿ ಪೆಟ್ರೋಲು ಸಿಗುವ 'ರೋಡ್‌ಹೌಸ್'ಗಳಲ್ಲಿ ಟ್ಯಾಂಕು ತುಂಬುವಷ್ಟು ಸಿಹಿನೀರು ಸಿಕ್ಕೀತೆಂದು ಯಾರೂ ನಂಬಿ ಹೊರಡುವುದಿಲ್ಲ. ಕುಡಿಯಲೆಂದೇ ತಲೆಗೆ ದಿನಕ್ಕೆ ಐದು ಲೀಟರ್ ಎಂದು ಹಿಡಿಯಿರಿ. ನಾಲ್ಕು ಜನರ ಕುಟುಂಬಕ್ಕೆ ಮೂರು ದಿನಕ್ಕೆ 60 ಲೀಟರ್. ಗಾಡಿ ಕೆಟ್ಟು ನಿಂತರೆಂದು ಮತ್ತೆ ಮೂರು ದಿನಕ್ಕೆ ಇನ್ನೊಂದು 60. ಅಡುಗೆಗೆ, ಪಾತ್ರೆಗೆ, ಮೈ ಒರೆಸಿಕೊಳ್ಳಲು ಬೇರೆ. 'ನೀರಿನಂತೆ ಖರ್ಚು ಮಾಡುವುದು' ಎಂಬ ಮಾತು ಈ ಹಾದಿಯಲ್ಲಿ ನಡೆಯದು. ಪಾತ್ರೆ ತೊಳೆಯುವ ಮೊದಲು ಕಾಗದದಿಂದ ಒರೆಸುತ್ತಾರೆ. ಸ್ನಾನವೆಂದರೆ ಒದ್ದೆ ಬಟ್ಟೆ.

ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. 120 ಲೀಟರ್ ಎಂದರೆ 120 ಕಿಲೋ. ಅದನ್ನು ಎಲ್ಲಿಡಬೇಕೆಂಬುದೂ ಮುಖ್ಯ. ಎತ್ತಿನ ಗಾಡಿ ನೋಡಿದವರಿಗೆ ಇದು ಗೊತ್ತು: ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೇಳುತ್ತದೆ. ಕ್ಯಾರವಾನಿನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಕಾರಿನ ಕೊಕ್ಕೆಯ ಮೇಲೆ ಬಿದ್ದರೆ ಸರಿ. ತೀರ ಕಡಿಮೆಯಾದರೆ ವೇಗದಲ್ಲಿ ಕ್ಯಾರವಾನ್ ಬಾಲದಂತೆ ಓಲಾಡತೊಡಗುತ್ತದೆ. ಎರಡು ಮೂರು ಟ್ರೇಲರ್ ಎಳೆಯುವ 'ರೋಡ್ ಟ್ರೇನ್' ಲಾರಿಗಳು ಪಕ್ಕದಲ್ಲಿ ಹಾದುಹೋಗುವಾಗ ಈ ಅಪಾಯ ಇನ್ನೂ ಹೆಚ್ಚು. ಲಾರಿಯ ಮೂತಿ ಬಂದಾಗ ಗಾಳಿ ಹೊರಕ್ಕೆ ತಳ್ಳುತ್ತದೆ. ಮರುಕ್ಷಣ ಎರಡೂ ವಾಹನಗಳ ನಡುವೆ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿದು, ಲಾರಿಯತ್ತ ಎಳೆದಂತಾಗುತ್ತದೆ. ಪಾಠದ ಪುಸ್ತಕದ ಬರ್ನೂಲಿ ತತ್ವ ಇಲ್ಲಿ ಸ್ಟಿಯರಿಂಗ್ ಹಿಡಿದ ಕೈಗೇ ತಟ್ಟುತ್ತದೆ.

ಹಣ್ಣು, ತರಕಾರಿ, ಜೇನುತುಪ್ಪದ ಲೆಕ್ಕವೂ ಉಂಟು. ಹಣ್ಣಿನ ನೊಣ ಮತ್ತು ರೋಗಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಬಾರದೆಂದು ಪಶ್ಚಿಮಕ್ಕೆ ಹೋಗುವವರನ್ನು ಗಡಿಯಲ್ಲೂ, ಪೂರ್ವಕ್ಕೆ ಹೋಗುವವರನ್ನು ಸಿಡೂನಾ ಪಟ್ಟಣದಲ್ಲೂ ತಪಾಸಣೆ ಮಾಡುತ್ತಾರೆ. ಅಷ್ಟರೊಳಗೆ ತಿಂದು ಮುಗಿಸಬೇಕು, ಇಲ್ಲವೇ ಒಪ್ಪಿಸಬೇಕು.

ಗಡಿಯಾರವನ್ನೂ ತಿದ್ದಿಕೊಳ್ಳಬೇಕು. ಕೈಗುನಾದ ಪೂರ್ವದಿಂದ ಗಡಿಯವರೆಗಿನ ಕೆಲವೇ ರೋಡ್‌ಹೌಸ್‌ಗಳು ಪರ್ತ್ ನಗರಕ್ಕಿಂತ 45 ನಿಮಿಷ ಮುಂದಿರುವ ತಮ್ಮದೇ ಹೊತ್ತನ್ನು ಪಾಲಿಸುತ್ತವೆ. ಸರ್ಕಾರದ ಮುದ್ರೆ ಇದಕ್ಕಿಲ್ಲ, ಆದರೆ ರಸ್ತೆಬದಿಯ ಫಲಕದಲ್ಲಿ ಬರೆದಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕೆಂಬುದನ್ನು ತಿಳಿದ ವಿದ್ಯಾರ್ಥಿಗೆ ಇದರ ಕಾರಣ ಹೊಳೆಯುತ್ತದೆ.

ಕಾರು ಬಿಟ್ಟು ಹೋಗಬಾರದು

ಲೆಕ್ಕ ತಪ್ಪಿದರೆ ಏನಾಗುತ್ತದೆ? ಇದಕ್ಕೆ ಉತ್ತರ ನಲ್ಲರ್‌ಬೋರಿನಿಂದ ಬಹುದೂರ, ಈಶಾನ್ಯಕ್ಕಿರುವ ಬರ್ಡ್ಸ್‌ವಿಲ್ ಹಾದಿಯಲ್ಲಿದೆ. 1963ರ ಡಿಸೆಂಬರ್, ಅಲ್ಲಿ ಕಡುಬೇಸಗೆ. ತಂದೆ, ತಾಯಿ, ಮೂವರು ಗಂಡುಮಕ್ಕಳ ಕುಟುಂಬವೊಂದು ಈ ಮಣ್ಣುಹಾದಿಯಲ್ಲಿ ಹೊರಟಿತು. ಮರುಭೂಮಿಯ ನಡುವೆ ಪೆಟ್ರೋಲು ಮುಗಿಯಿತು. ಎರಡು ದಿನಕ್ಕಾಗುವಷ್ಟೇ ನೀರಿದೆ ಎಂದು ಚೀಟಿ ಬರೆದು ಕಾರಿನಲ್ಲಿಟ್ಟು, ಅವರು ಕಾಲ್ನಡಿಗೆಯಲ್ಲಿ ಹೊರಟರು. ಐವರಲ್ಲಿ ಒಬ್ಬರೂ ಉಳಿಯಲಿಲ್ಲ.

ಈಗ ಒಳನಾಡಿಗೆ ಹೊರಡುವ ಪ್ರತಿಯೊಬ್ಬರಿಗೂ ಹೇಳುವ ಮೊದಲ ಮಾತು ಇದೇ: ಗಾಡಿ ಕೆಟ್ಟರೆ ಗಾಡಿಯ ಬಳಿಯೇ ಇರಿ. ಗಾಡಿಗೆ ನೆರಳಿದೆ, ವಿಮಾನದಿಂದ ನೋಡಿದರೆ ಕಾರು ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಬಿಸಿಲಲ್ಲಿ ನಡೆಯುವವನ ಮೈಯಿಂದ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಹರಿದುಹೋಗಬಹುದು. ಮೊಬೈಲ್ ಸಂಕೇತ ಸಿಗದ ದೂರಗಳೇ ಹೆಚ್ಚಾದ್ದರಿಂದ ಉಪಗ್ರಹಕ್ಕೆ ಅಪಾಯಸೂಚನೆ ಕಳಿಸುವ ಪುಟ್ಟ ಉಪಕರಣವನ್ನು ತಿಳಿದವರು ಜೊತೆಗೊಯ್ಯುತ್ತಾರೆ. ಹೊರಡುವ ದಿನ, ತಲುಪುವ ದಿನವನ್ನು ಮನೆಯವರಿಗೆ ತಿಳಿಸಿರುತ್ತಾರೆ.

1928ರಲ್ಲಿ ಪಾದ್ರಿ ಜಾನ್ ಫ್ಲಿನ್ ಆರಂಭಿಸಿದ 'ಹಾರುವ ವೈದ್ಯ' ಸೇವೆ ಇಂದಿಗೂ ಒಳನಾಡಿನ ಜೀವನಾಡಿ. ಐರ್ ಹೆದ್ದಾರಿಯ ಕೆಲವು ಭಾಗಗಳಲ್ಲಿ ರಸ್ತೆಯ ಮೇಲೆಯೇ ಬಿಳಿ ಪಟ್ಟೆ ಬಳಿದಿರುತ್ತಾರೆ. ಅವು ಈ ವಿಮಾನಗಳು ತುರ್ತಾಗಿ ಇಳಿಯುವ ಜಾಗ!

ಖಾಲಿಯಲ್ಲದ ನಾಡು

ಹೆದ್ದಾರಿಗೆ ಹೆಸರು ಕೊಟ್ಟ ಎಡ್ವರ್ಡ್ ಜಾನ್ ಐರ್ 1841ರ ಫೆಬ್ರವರಿಯಲ್ಲಿ ಈ ಕರಾವಳಿಯುದ್ದಕ್ಕೂ ಪಶ್ಚಿಮಕ್ಕೆ ಹೊರಟ. ಜೊತೆಗೆ ಮೇಲ್ವಿಚಾರಕ ಬ್ಯಾಕ್ಸ್‌ಟರ್ ಮತ್ತು ಮೂವರು ಮೂಲನಿವಾಸಿ ಯುವಕರು. ಮರಳುದಿಣ್ಣೆಗಳಲ್ಲಿ ಎಲ್ಲಿ ತೋಡಿದರೆ ಸಿಹಿನೀರು ಬರುತ್ತದೆಂದು ತೋರಿಸಿದವರು ಅಲ್ಲಿಯ ಮೂಲನಿವಾಸಿಗಳೇ. ಏಪ್ರಿಲ್ ಕೊನೆಯ ಒಂದು ರಾತ್ರಿ ಇಬ್ಬರು ಯುವಕರು ಬ್ಯಾಕ್ಸ್‌ಟರನನ್ನು ಕೊಂದು, ಆಹಾರ ಕೋವಿಗಳೊಡನೆ ಹೊರಟುಹೋದರು. ಉಳಿದ ವೈಲಿ ಎಂಬ ನೂಂಗಾರ್ ಯುವಕನೊಡನೆ ಐರ್ ಎಲೆಗಳ ಮೇಲಿನ ಇಬ್ಬನಿಯನ್ನು ಸ್ಪಂಜಿನಿಂದ ಹೀರಿಸಿ ಕುಡಿಯುತ್ತಾ ನಡೆದ. ಜೂನಿನಲ್ಲಿ ಫ್ರೆಂಚ್ ತಿಮಿಂಗಿಲ ಬೇಟೆಯ ಹಡಗೊಂದು ಆಸರೆ ಕೊಟ್ಟಿತು. ಜುಲೈಯಲ್ಲಿ ಇಬ್ಬರೂ ಆಲ್ಬನಿ ತಲುಪಿದರು.

'ಮರವಿಲ್ಲ' ಎಂಬಂತೆ 'ಒಡೆಯರಿಲ್ಲ' ಎಂದೂ ಬಿಳಿಯರು ಈ ನಾಡನ್ನು ತಿಳಿದಿದ್ದರು. ಆ ತಿಳುವಳಿಕೆ ತಪ್ಪೆಂದು ಆಸ್ಟ್ರೇಲಿಯಾದ ಹೈಕೋರ್ಟ್ 1992ರ ಮಾಬೊ ತೀರ್ಪಿನಲ್ಲಿ ಸಾರಿತು. ನಲ್ಲರ್‌ಬೋರಿನ ಕರಾವಳಿ ಮಿರ್ನಿಂಗ್ ಜನರ ನಾಡು. ಒಳಭಾಗದ ಮರಲಿಂಗಾದಲ್ಲಿ ಬ್ರಿಟನ್ 1956 ಮತ್ತು 1957ರಲ್ಲಿ ಏಳು ಅಣುಬಾಂಬುಗಳನ್ನು ಸಿಡಿಸಿದಾಗ ನೆಲೆ ಕಳೆದುಕೊಂಡವರೂ ಮೂಲನಿವಾಸಿಗಳೇ. ಅವರ ಜಮೀನುಗಳಲ್ಲಿ ಹಾದುಹೋಗಲು ಹಲವೆಡೆ ಈಗ ಮುಂಚಿತವಾಗಿ ಅನುಮತಿ ಪಡೆಯಬೇಕು.

ಬಿಡಾರ ಹೂಡುವವರಿಗೂ ಇದೇ ಮರ್ಯಾದೆ ಅನ್ವಯ. ತಂದ ಕಸವನ್ನು ತಾವೇ ಒಯ್ಯಬೇಕು. ಒಣಗಿ ಬಿದ್ದ ಕಟ್ಟಿಗೆ ಹಲ್ಲಿ ಹಾವುಗಳ ಮನೆ, ಕಂಡದ್ದನ್ನೆಲ್ಲ ಉರಿಸಬಾರದು. ಜಾನುವಾರುಗಳ ನೀರಿನ ತೊಟ್ಟಿಯ ಬಳಿ ತಂಗಬಾರದು. ಮನುಷ್ಯರನ್ನು ಕಂಡು ಬೆದರಿದ ದನ ನೀರಿಗೆ ಬಾರದೆ ಬಾಯಾರುತ್ತದೆ. 1979ರ ಜುಲೈಯಲ್ಲಿ ಅಮೆರಿಕದ ಸ್ಕೈಲ್ಯಾಬ್ ಅಂತರಿಕ್ಷ ನಿಲ್ದಾಣ ಒಡೆದು ಎಸ್ಪರೆನ್ಸ್ ಮತ್ತು ಬಲಡೋನಿಯಾ ಸುತ್ತಮುತ್ತ ಬಿದ್ದಾಗ, ಎಸ್ಪರೆನ್ಸಿನ ಸ್ಥಳೀಯ ಆಡಳಿತ ಕಸ ಹಾಕಿದ್ದಕ್ಕಾಗಿ ನಾಸಾ ಸಂಸ್ಥೆಗೆ 400 ಡಾಲರ್ ದಂಡದ ಚೀಟಿ ಕೊಟ್ಟಿತ್ತು! ತಮಾಷೆಯೇ ಆದರೂ ಮಾತು ಸರಿಯಾಗಿದೆ.

ಸಂಜೆಯ ತರಗತಿ

ಮಕ್ಕಳ ಶಾಲೆಯ ಗತಿಯೇನು ಎಂದು ತಂದೆತಾಯಿ ಕೇಳುವುದು ಸಹಜ. ಇದಕ್ಕೂ ಆ ನಾಡಿನಲ್ಲಿ ಹಳೆಯ ಉತ್ತರವಿದೆ. ದೂರದ ದನದ ಹಟ್ಟಿಗಳ ಮಕ್ಕಳಿಗಾಗಿ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 'ಆಕಾಶಶಾಲೆ' ಆರಂಭವಾಯಿತು. ಹಾರುವ ವೈದ್ಯರ ರೇಡಿಯೊದ ಮೂಲಕವೇ ಪಾಠ. ಈಗ ರೇಡಿಯೊ ಹೋಗಿ ಉಪಗ್ರಹದ ಅಂತರ್ಜಾಲ ಬಂದಿದೆ. ಅಲೆದಾಡುವ ಕುಟುಂಬಗಳ ಮಕ್ಕಳೂ ದೂರಶಿಕ್ಷಣದ ಶಾಲೆಗಳಿಗೆ ಸೇರಿ ಕ್ಯಾರವಾನಿನ ಮೇಜಿನ ಮೇಲೆ ಓದುತ್ತಾರೆ. ಮನೆಯಲ್ಲಿ ಓದಿಸಲು ತಂದೆಯೋ ತಾಯಿಯೋ ದಿನವೂ ಜೊತೆಗೆ ಕೂರಲೇಬೇಕು. ಅದಕ್ಕೆ ರಜೆಯಿಲ್ಲ.

ಕಾಂಗರೂಗಳು ರಸ್ತೆಗೆ ಬರುವ ಹೊತ್ತಾದ್ದರಿಂದ ಸೂರ್ಯ ಮುಳುಗುವ ಮೊದಲೇ ಗಾಡಿ ನಿಲ್ಲಿಸುತ್ತಾರೆ. ಕತ್ತಲಾಗುತ್ತಲೇ ಇನ್ನೊಂದು ಪಾಠ ತೆರೆಯುತ್ತದೆ. ಕರ್ನಾಟಕದಲ್ಲಿ ಬೇಸಗೆಯ ರಾತ್ರಿ ದಕ್ಷಿಣದ ದಿಗಂತಕ್ಕೆ ತಗ್ಗಿ ಕಾಣುವ ತ್ರಿಶಂಕು ನಕ್ಷತ್ರಗಳು ಇಲ್ಲಿ ನೆತ್ತಿಯತ್ತ ಏರಿರುತ್ತವೆ. ಅವುಗಳ ಪಕ್ಕದ ಕಪ್ಪು ಕಲೆಯನ್ನು ತಲೆಯಾಗಿಸಿಕೊಂಡು ಆಕಾಶಗಂಗೆಯುದ್ದಕ್ಕೂ ಚಾಚಿದ ಎಮು ಪಕ್ಷಿಯನ್ನು ಮೂಲನಿವಾಸಿಗಳು ಬಹುಕಾಲದಿಂದ ಕಾಣುತ್ತಾ ಬಂದಿದ್ದಾರೆ. ಅದು ನಕ್ಷತ್ರಗಳನ್ನು ಜೋಡಿಸಿದ ಚಿತ್ರವಲ್ಲ, ನಕ್ಷತ್ರಗಳ ನಡುವಿನ ಕತ್ತಲೆಯ ಚಿತ್ರ. ಬರಿದೆಂದು ಕಂಡಲ್ಲಿಯೂ ನೋಡುವುದಕ್ಕೆ ಇದೆ ಎಂಬುದನ್ನು ಮಕ್ಕಳು ಇಲ್ಲಿ ಕಲಿಯುತ್ತಾರೆ. ಬೆಳಿಗ್ಗೆ ಎದ್ದು ಹೊರಡುವ ಮುನ್ನ ಅವರ ಪಾಲಿಗೆ ಎರಡು ಕೆಲಸ: ಟ್ಯಾಂಕಿನಲ್ಲಿ ಎಷ್ಟು ನೀರು ಉಳಿದಿದೆ ಎಂದು ನೋಡಿ ಹೇಳುವುದು, ನೆಲದ ಮೇಲೆ ತಮ್ಮದೇನೂ ಉಳಿದಿಲ್ಲವೆಂದು ನೋಡಿ ಬರುವುದು.