ಸಿಗದ ಕೊಲೆಗಾರ, ಸಿಕ್ಕಿದ ನಿರಪರಾಧಿ

ಶಿವಮೊಗ್ಗ
ಭಾನುವಾರ

ಪ್ರೀತಿಯ ಪುಟ್ಟಾ,

ನಿನ್ನ ಮೆಸೇಜು ಓದಿದೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅನ್ನಿಸಿ ಕಾಗದ ಬರೆಯಲು ಕೂತಿದ್ದೇನೆ. 'ಮೆಮೊರೀಸ್ ಆಫ್ ಮರ್ಡರ್' ನೋಡಿ ನಿನಗೆ ನಿರಾಸೆಯಾಗಿದೆ. ಪ್ರಪಂಚವೇ ಹೊಗಳುತ್ತಿದೆ, ಎರಡು ಗಂಟೆಗೂ ಹೆಚ್ಚು ಹೊತ್ತು ಕೂತು ನೋಡಿದರೆ ಕೊನೆಗೆ ಕೊಲೆಗಾರ ಯಾರೆಂದೇ ಹೇಳುವುದಿಲ್ಲ, ಇದೆಂಥ ಪತ್ತೇದಾರಿ ಸಿನಿಮಾ ಚಿಕ್ಕಮ್ಮಾ ಅಂತ ಕೇಳಿದ್ದೀಯ. ನಿನ್ನ ರೂಮ್‌ಮೇಟು ಮಾತ್ರ ಇದಕ್ಕಿಂತ ದೊಡ್ಡ ಕ್ರೈಮ್ ಸಿನಿಮಾ ಬಂದೇ ಇಲ್ಲ ಅಂತ ವಾದ ಮಾಡುತ್ತಾನಂತೆ.

ಹೊಗಳಿಕೆಗೆ ತಕ್ಕ ಸಿನಿಮಾನೇ ಕಂದಾ. ಆದರೆ ಜನ ಅದನ್ನು ಹೊಗಳುವ ಕಾರಣ ಬೇರೆ, ಅದಕ್ಕೆ ಸಲ್ಲಬೇಕಾದ ಕಾರಣ ಬೇರೆ. ಮೈ ಜುಮ್ಮೆನ್ನುವ ಥ್ರಿಲ್ಲರ್ ಅಂತ ನಿನಗೆ ಹೇಳಿ ಕೂರಿಸಿದ್ದಾರೆ, ಅದಕ್ಕೇ ನಿನಗೆ ಮೋಸ ಹೋದ ಹಾಗಾಗಿದೆ. ಕೊಲೆಗಾರ ಯಾರು ಎನ್ನುವುದನ್ನೇ ಹಿಡಿದು ನೋಡಿದರೆ ಈ ಚಿತ್ರ ಅರ್ಧಕ್ಕೆ ನಿಂತ ಕಥೆ. ಒಂದು ಪೊಲೀಸ್ ಠಾಣೆಯೊಳಗೆ ಅಪರಾಧಿಯನ್ನು ಹೇಗೆ ತಯಾರು ಮಾಡುತ್ತಾರೆ ಅಂತ ನೋಡಿದರೆ, ಇಷ್ಟು ಪೂರ್ಣವಾದ ಇನ್ನೊಂದು ಸಿನಿಮಾ ನಾನು ಕಂಡಿಲ್ಲ. ಇಷ್ಟು ವರ್ಷ ಆರೋಪಿಗಳ ಪರ ಕರಿಕೋಟು ಹಾಕಿ ನಿಂತವಳು ನಾನು, ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಹಿನ್ನೆಲೆ ನಿನಗೆ ಸ್ವಲ್ಪ ಗೊತ್ತಿರಬೇಕು. ದಕ್ಷಿಣ ಕೊರಿಯಾದ ಹ್ವಾಸಿಯೊಂಗ್, ಸಿಯೋಲ್‌ನ ದಕ್ಷಿಣಕ್ಕಿದೆ, ಆಗ ಅದು ಗದ್ದೆಗಳ ಸೀಮೆ. 1986ರಿಂದ 1991ರವರೆಗೆ ಅಲ್ಲಿ 10 ಹೆಣ್ಣುಮಕ್ಕಳ ಕೊಲೆಯಾಯಿತು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯರೂ ಇದ್ದರು, 70 ದಾಟಿದ ಅಜ್ಜಿಯೂ ಇದ್ದರು. ಸಾವಿರಾರು ಜನರನ್ನು ವಿಚಾರಣೆ ಮಾಡಿದರೂ ಕೊಲೆಗಾರ ಸಿಗಲಿಲ್ಲ. ಇದೇ ಪ್ರಕರಣದ ಮೇಲೆ ಮೊದಲು ಒಂದು ನಾಟಕ ಬಂತು, ಆಮೇಲೆ 2003ರಲ್ಲಿ ಬಾಂಗ್ ಜೂನ್-ಹೋ ಈ ಚಿತ್ರ ಮಾಡಿದರು. ಅದು ಅವರ ಎರಡನೇ ಚಿತ್ರ. 'ಪ್ಯಾರಸೈಟ್'ಗೆ ಆಸ್ಕರ್ ಬಂದ ಮೇಲೆ ನಮ್ಮ ಕಡೆಯ ಹುಡುಗರೂ ಇದನ್ನು ಹುಡುಕಿ ನೋಡತೊಡಗಿದರು.

ಈಗ ಆ ಅಂಗವಿಕಲ ಹುಡುಗನ ಭಾಗ ನೆನಪಿಸಿಕೋ. ಹೋಟೆಲ್ ನಡೆಸುವವನ ಮಗ ಬೇಕ್ ಕ್ವಾಂಗ್-ಹೋ, ಮುಖದ ಮೇಲೆ ಸುಟ್ಟ ಕಲೆ, ಬುದ್ಧಿ ಬೆಳೆದಿಲ್ಲ. ಸತ್ತ ಹುಡುಗಿಯ ಹಿಂದೆ ಸುತ್ತುತ್ತಿದ್ದ ಎನ್ನುವ ಊರಮಾತು ಬಿಟ್ಟರೆ ಅವನ ವಿರುದ್ಧ ಏನೂ ಇಲ್ಲ. ಹಳ್ಳಿಯ ಪತ್ತೇದಾರ ಪಾರ್ಕ್, ಅಂದರೆ ಸಾಂಗ್ ಕಾಂಗ್-ಹೋ ಮಾಡಿರುವ ಪಾತ್ರ, ಕಣ್ಣು ನೋಡಿಯೇ ಕಳ್ಳನನ್ನು ಹಿಡಿಯುತ್ತೇನೆ ಎನ್ನುವವನು. ಹುಡುಗನನ್ನು ಬಾಯ್ಲರ್ ಕೋಣೆಗೆ ತಂದು ಕೂರಿಸುತ್ತಾರೆ. ಪಾರ್ಕ್‌ನ ಜೊತೆಗಾರ ಬೂಟಿಗೆ ಬಟ್ಟೆ ಸುತ್ತಿಕೊಂಡು ಒದೆಯುತ್ತಾನೆ, ಮೈಮೇಲೆ ಗುರುತು ಉಳಿಯಬಾರದಲ್ಲ. ಪಾರ್ಕ್ ಹುಡುಗನ ಶೂ ತೆಗೆದುಕೊಂಡು ಹೋಗಿ ಮಣ್ಣಿಗೆ ಒತ್ತಿ, ಹೆಜ್ಜೆಗುರುತು ಸಿಕ್ಕಿತು ಅಂತ ಫೋಟೊ ತೆಗೆದಿಡುತ್ತಾನೆ. ಸುಳ್ಳು ಮಹಜರು ಹುಟ್ಟುವುದು ಹೀಗೇ.

ಇದನ್ನೆಲ್ಲ ಬಾಂಗ್ ತೋರಿಸುವ ರೀತಿ ನೋಡು. ನಗು ಬರುತ್ತದೆ. ಹೊಡೆತ ತಿಂದ ಹುಡುಗನೂ ಹೊಡೆದ ಪೊಲೀಸರೂ ಒಂದೇ ಮೇಜಿನ ಸುತ್ತ ಕೂತು, ಕಪ್ಪು ಗೊಜ್ಜಿನ ನೂಡಲ್ಸ್ ತಿನ್ನುತ್ತ ಟಿವಿಯಲ್ಲಿ ಪೊಲೀಸ್ ಧಾರಾವಾಹಿ ನೋಡುತ್ತಾರೆ. ಅವನಿಗೆ ನಕಲಿ ನೈಕಿ ಶೂ ಕೊಡಿಸುತ್ತಾರೆ. ಇವರು ರಾಕ್ಷಸರಲ್ಲ, ಹಳ್ಳಿ ಠಾಣೆಯ ಸಾಮಾನ್ಯ ಮನುಷ್ಯರು ಅಂತ ನಾವು ಅವರನ್ನು ಹಚ್ಚಿಕೊಳ್ಳುತ್ತೇವೆ. ನಮ್ಮ ಥಿಯೇಟರುಗಳಲ್ಲಿ ಇನ್ಸ್‌ಪೆಕ್ಟರ್ ಆದ ಹೀರೊ ಲಾಕಪ್ಪಿನಲ್ಲಿ ಒಬ್ಬನಿಗೆ ಬಾರಿಸಿದರೆ ಶಿಳ್ಳೆ ಬೀಳುತ್ತದೆ, ನೀನೂ ಕೇಳಿದ್ದೀಯ. ಆ ಖುಷಿಯನ್ನೇ ಈ ಚಿತ್ರ ಮೊದಲ ಒಂದು ಗಂಟೆ ಕೈಯಾರೆ ಬಡಿಸುತ್ತದೆ. ಆಮೇಲೆ ಅದಕ್ಕೆಲ್ಲ ಲೆಕ್ಕ ಕೇಳುತ್ತದೆ.

ಆ ಲೆಕ್ಕ ಬರುವುದು ಟೇಪ್ ರೆಕಾರ್ಡರ್‌ನಿಂದ. ಹುಡುಗನ ತಪ್ಪೊಪ್ಪಿಗೆಯನ್ನು ಅವರು ಕ್ಯಾಸೆಟ್ಟಿನಲ್ಲಿ ಹಿಡಿದಿರುತ್ತಾರೆ. ಎಷ್ಟೋ ದಿನಗಳ ಮೇಲೆ ಇನ್ನೊಮ್ಮೆ ಕೇಳಿದಾಗ ತಿಳಿಯುತ್ತದೆ, ಅವನು ತಾನು ಮಾಡಿದ್ದನ್ನು ಹೇಳುತ್ತಿರಲಿಲ್ಲ, ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದ. ಇಡೀ ಪ್ರಕರಣದ ಏಕೈಕ ಪ್ರತ್ಯಕ್ಷ ಸಾಕ್ಷಿ ಅವನು. ಓಡಿ ಅವನನ್ನು ಹುಡುಕುತ್ತಾರೆ. ಪೊಲೀಸರ ಮುಖ ಕಂಡದ್ದೇ ಅವನು ಹೆದರಿ ಕಂಬ ಹತ್ತುತ್ತಾನೆ, ಇಳಿದು ಓಡುತ್ತಾನೆ, ರೈಲಿಗೆ ಸಿಕ್ಕಿ ಸಾಯುತ್ತಾನೆ. ಪುಟ್ಟಾ, ಇಲ್ಲಿಗೆ ಈ ಪ್ರಕರಣ ಮುಗಿಯಿತು. ಕೊಲೆಗಾರ ಏಕೆ ಸಿಗಲಿಲ್ಲ ಎನ್ನುವ ನಿನ್ನ ಪ್ರಶ್ನೆಗೆ ಉತ್ತರ ಕೊನೆಯ ದೃಶ್ಯದಲ್ಲಿಲ್ಲ, ಇಲ್ಲಿದೆ. ಸಾಕ್ಷಿಯನ್ನು ಒದ್ದು ಆರೋಪಿ ಮಾಡಿದರು, ಸತ್ಯ ಬೇಕಾದ ದಿನ ಅವನ ಬಾಯಿಂದ ಅದನ್ನು ಕೇಳುವ ದಾರಿಯೇ ಇರಲಿಲ್ಲ.

ಪೊಲೀಸರಿಗೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಪುರಾವೆಯಾಗುವುದಿಲ್ಲ ಎನ್ನುವ ನಿಯಮ ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದ ಇದೆ, 2024ರ ಜುಲೈನಲ್ಲಿ ಬಂದ ಹೊಸ ಕಾಯ್ದೆಯಲ್ಲೂ ಉಳಿದಿದೆ. ಏಕೆ ಬೇಕು ಅಂತ ಕೇಳುವ ಜೂನಿಯರುಗಳಿಗೆ ನಾನು ಈ ಚಿತ್ರ ನೋಡಿ ಅನ್ನುತ್ತೇನೆ.

ಸಿಯೋಲ್‌ನಿಂದ ಬಂದ ಪತ್ತೇದಾರ ಸಿಯೊ ಇದ್ದಾನಲ್ಲ, ದಾಖಲೆ ಸುಳ್ಳು ಹೇಳುವುದಿಲ್ಲ ಎಂದು ನಂಬಿದವನು, ಅವನೊಬ್ಬ ಬುದ್ಧಿವಂತ ಹೀರೊ ಅಂತ ನಿನ್ನ ರೂಮ್‌ಮೇಟು ಹೇಳಿರಬಹುದು. ನಾನು ಒಪ್ಪುವುದಿಲ್ಲ. ಶಾಲೆಯ ಹುಡುಗಿಯೊಬ್ಬಳ ಬೆನ್ನಿಗೆ ಅವನು ಬ್ಯಾಂಡೇಜು ಪಟ್ಟಿ ಅಂಟಿಸುತ್ತಾನೆ. ಆಮೇಲೆ ಅದೇ ಪಟ್ಟಿಯನ್ನು ಅವಳ ಹೆಣದ ಮೇಲೆ ಕಾಣುತ್ತಾನೆ. ಆ ಕ್ಷಣದಿಂದ ಅವನೂ ಕೈ ಮಾಡುವವನಾಗುತ್ತಾನೆ. ಸುರಂಗದ ಬಾಯಲ್ಲಿ, ಮಳೆಯಲ್ಲಿ, ಅಮೆರಿಕದಿಂದ ಡಿಎನ್‌ಎ ವರದಿ ಬಂದು ಅವರು ಹಿಡಿದ ಕೊನೆಯ ಶಂಕಿತನೇ ಕೊಲೆಗಾರ ಎನ್ನಲಾಗದು ಎಂದಾಗ, ಜೀವನವಿಡೀ ಕಾಗದವನ್ನು ನಂಬಿದವನು ಆ ಕಾಗದ ಸುಳ್ಳು ಅನ್ನುತ್ತಾನೆ, ಪಿಸ್ತೂಲು ಎತ್ತುತ್ತಾನೆ. ತಡೆಯುವವನು ಹಳ್ಳಿಯ ಪಾರ್ಕ್. ಶಂಕಿತನ ಕಣ್ಣನ್ನು ದಿಟ್ಟಿಸಿ, ನನಗೆ ಗೊತ್ತಾಗುತ್ತಿಲ್ಲ ಅಂತ ಒಪ್ಪಿಕೊಂಡು, ಹೊತ್ತು ಹೊತ್ತಿಗೆ ಊಟ ಮಾಡುತ್ತೀಯೇನೋ ಅಂತ ವಿಚಾರಿಸುತ್ತಾನೆ. ಆ ಮಾತನ್ನು ಸಾಂಗ್ ಕಾಂಗ್-ಹೋ ಅಲ್ಲೇ ಹುಟ್ಟಿಸಿ ಹೇಳಿದ್ದಂತೆ. ಕೊಲೆಗಾರ ಇರಬಹುದಾದವನಿಗೆ ಅಂಥ ಮಾತು! ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ.

ಆ ಕಾಲವನ್ನೂ ಮರೆಯಬೇಡ. ಚುನ್ ಡೂ-ಹ್ವಾನ್‌ನ ಸೈನಿಕ ಸರ್ವಾಧಿಕಾರ ಅದು. 1987ರ ಜನವರಿಯಲ್ಲಿ ಪಾರ್ಕ್ ಜೊಂಗ್-ಚುಲ್ ಎಂಬ ವಿದ್ಯಾರ್ಥಿ ಪೊಲೀಸ್ ಹಿಂಸೆಯಲ್ಲಿ ಸತ್ತ, ಜೂನ್ ಹೊತ್ತಿಗೆ ಇಡೀ ದೇಶ ಬೀದಿಗಿಳಿದಿತ್ತು. ಚಿತ್ರದಲ್ಲಿ ಕೊಲೆ ತಡೆಯಲು ಪಡೆ ಕಳಿಸಿ ಅಂತ ಫೋನು ಮಾಡಿದರೆ, ಎಲ್ಲರೂ ಪ್ರತಿಭಟನೆ ಹತ್ತಿಕ್ಕಲು ಹೋಗಿದ್ದಾರೆ ಎಂಬ ಉತ್ತರ ಬರುತ್ತದೆ. ಸೈರನ್ ಕೂಗಿ ಊರೆಲ್ಲ ದೀಪ ಆರಿಸಿ ಬಾಗಿಲು ಎಳೆದುಕೊಳ್ಳುವ ಕವಾಯತಿನ ರಾತ್ರಿಯೇ ಆ ಬ್ಯಾಂಡೇಜಿನ ಹುಡುಗಿ ಸಾಯುವುದು. ಕತ್ತಲೆ ಮಾಡಿಕೊಟ್ಟದ್ದು ಸರ್ಕಾರವೇ.

ಈಗ ನನಗೆ ಒಪ್ಪಿಗೆಯಾಗದ್ದನ್ನೂ ಹೇಳಬೇಕು. ಸತ್ತ ಹೆಣ್ಣುಮಕ್ಕಳು ಈ ಚಿತ್ರದಲ್ಲಿ ಬಹುಪಾಲು ಹೆಣಗಳಾಗಿಯೇ ಬರುತ್ತಾರೆ. ಬ್ಯಾಂಡೇಜಿನ ಹುಡುಗಿಯ ಸಾವು ಕೂಡ ಕೊನೆಗೆ ಒಬ್ಬ ಗಂಡಸಿನ ಸಿಟ್ಟಿನ ಕಥೆಯಾಗುತ್ತದೆ. ಬದುಕಿ ಉಳಿದ ಒಬ್ಬಳು ಮಾತ್ರ, ಅದೂ ಮಹಿಳಾ ಪೊಲೀಸಿನ ಮುಂದೆ ಮಾತ್ರ, ಬಾಯಿ ಬಿಡುತ್ತಾಳೆ, ಹಲ್ಲೆ ಮಾಡಿದವನ ಕೈ ಮೆತ್ತಗಿತ್ತು ಅನ್ನುತ್ತಾಳೆ. ಕೊಲೆಯಾದ ಮಳೆ ರಾತ್ರಿಗಳಲ್ಲಿ ರೇಡಿಯೊದಲ್ಲಿ ಒಂದೇ ಹಾಡು ಬರುತ್ತದೆ ಎನ್ನುವುದನ್ನು ಕಂಡುಹಿಡಿಯುವವಳೂ ಅದೇ ಮಹಿಳಾ ಪೊಲೀಸು. ಠಾಣೆಯಲ್ಲಿ ಅವಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಬಾಂಗ್‌ಗೆ ಇದು ಗೊತ್ತಿಲ್ಲದೆ ಇಲ್ಲ, ಆದರೂ ಕ್ಯಾಮೆರಾ ಅವಳ ಜೊತೆ ಇನ್ನಷ್ಟು ಹೊತ್ತು ಇರಬೇಕಿತ್ತು.

ನಿನಗೆ ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಮುಂದಿನದು. ನಿಜವಾದ ಕೊಲೆಗಾರ ಸಿಕ್ಕಿದ, ನಿನಗೆ ಗೊತ್ತೋ ಇಲ್ಲವೋ. 2019ರ ಸೆಪ್ಟೆಂಬರ್‌ನಲ್ಲಿ, ಕಾಪಿಟ್ಟಿದ್ದ ಹಳೆಯ ವಸ್ತುಗಳ ಡಿಎನ್‌ಎ ಲೀ ಚುನ್-ಜೇ ಎಂಬವನಿಗೆ ಹೊಂದಿತು. 1994ರಲ್ಲಿ ಹೆಂಡತಿಯ ತಂಗಿಯನ್ನು ಕೊಂದು, ಜೀವಾವಧಿ ಶಿಕ್ಷೆಯಾಗಿ ಬುಸಾನ್ ಜೈಲಿನಲ್ಲಿದ್ದವನು. 14 ಕೊಲೆ ಒಪ್ಪಿಕೊಂಡ. ಹಳೆಯ ಕೊಲೆಗಳ ಕಾಲಮಿತಿ 2006ರ ಹೊತ್ತಿಗೇ ಮುಗಿದದ್ದರಿಂದ ಅವಕ್ಕಾಗಿ ಅವನ ಮೇಲೆ ಮೊಕದ್ದಮೆ ಹೂಡಲೂ ಆಗಲಿಲ್ಲ. ಕೊನೆಯ ದೃಶ್ಯದಲ್ಲಿ ಪಾರ್ಕ್ ನೇರ ಕ್ಯಾಮೆರಾ ನೋಡುತ್ತಾನಲ್ಲ, ಕೊಲೆಗಾರ ಎಲ್ಲೋ ಕೂತು ಈ ಚಿತ್ರ ನೋಡಬಹುದು, ಅವನ ಕಣ್ಣಿಗೆ ಕಣ್ಣು ಸೇರಲಿ ಅಂತ ಬಾಂಗ್ ಇಟ್ಟದ್ದು ಅದು. ಅವನು ಜೈಲಿನಲ್ಲಿ ನೋಡಿದ್ದನಂತೆ. ಬರೀ ಸಿನಿಮಾ ಅಂತ ನೋಡಿದೆ, ಏನೂ ಅನ್ನಿಸಲಿಲ್ಲ ಎಂದು ಕೋರ್ಟಿನಲ್ಲಿ ಹೇಳಿದ.

ಅವನು ಒಪ್ಪಿಕೊಂಡದ್ದರಲ್ಲಿ ಎಂಟನೆಯ ಕೊಲೆಯೂ ಇತ್ತು, 1988ರಲ್ಲಿ ಸತ್ತ 13 ವರ್ಷದ ಹುಡುಗಿಯದು. ಆ ಕೊಲೆ ಬಗೆಹರಿದಿದೆ ಅಂತಲೇ ಎಲ್ಲರೂ ನಂಬಿದ್ದರು. 1989ರಲ್ಲಿ ಯೂನ್ ಸಂಗ್-ಯೊ ಎಂಬ 22 ವರ್ಷದ ಹುಡುಗನನ್ನು ಹಿಡಿದಿದ್ದರು. ರೈತರ ಯಂತ್ರ ರಿಪೇರಿ ಮಾಡುವವನು, ಹೆಚ್ಚು ಓದಿಲ್ಲ, ಪೋಲಿಯೊದಿಂದ ಒಂದು ಕಾಲು ಊನ. ದಿನಗಟ್ಟಲೆ ನಿದ್ದೆಗೆಡಿಸಿ ತಪ್ಪೊಪ್ಪಿಗೆ ಬರೆಸಿಕೊಂಡರು. ಗೋಡೆ ಹಾರಿ ಮನೆಯೊಳಗೆ ಇಳಿದ ಅಂತ ಕಥೆ ಕಟ್ಟಿದರು, ಆ ಕಾಲಿನವನು! ಜೀವಾವಧಿ ಶಿಕ್ಷೆಯಾಯಿತು. 20 ವರ್ಷ ಒಳಗಿದ್ದು 2009ರಲ್ಲಿ ಪೆರೋಲಿನ ಮೇಲೆ ಹೊರಬಂದ. 2020ರ ಡಿಸೆಂಬರ್‌ನಲ್ಲಿ ಸುವಾನ್ ನ್ಯಾಯಾಲಯ ಅವನು ನಿರಪರಾಧಿ ಎಂದಿತು. ನ್ಯಾಯಾಧೀಶರು ಕ್ಷಮೆ ಕೇಳಿದರು.

ವರ್ಷಗಳನ್ನು ಪಕ್ಕ ಪಕ್ಕ ಇಟ್ಟು ನೋಡು ಪುಟ್ಟಾ. 2003ರಲ್ಲಿ ಕೊರಿಯಾದ ಲಕ್ಷಾಂತರ ಜನ ಥಿಯೇಟರಿನಲ್ಲಿ ಬೇಕ್ ಕ್ವಾಂಗ್-ಹೋಗಾಗಿ ಮರುಗುತ್ತಿದ್ದಾಗ, ಅದೇ ಸರಣಿಯ ಒಂದು ಕೊಲೆ ತಲೆಗೆ ಕಟ್ಟಿಸಿಕೊಂಡ ಜೀವಂತ ಮನುಷ್ಯನೊಬ್ಬ ಜೈಲಿನಲ್ಲಿ ಕೂತಿದ್ದ. ಹೀಗೆ ಬರೆಸಿಕೊಂಡ ತಪ್ಪೊಪ್ಪಿಗೆ ಸುಳ್ಳಿರುತ್ತದೆ ಅಂತ ಸಿನಿಮಾ ಕೂಗಿ ಹೇಳುತ್ತಿತ್ತು. ಹಾಗಾದರೆ ಎಂಟನೆಯದು ಅಂತ ಯಾರೂ ಕೇಳಲಿಲ್ಲ, ಚಿತ್ರವೂ ಕೇಳಲಿಲ್ಲ. ಇದನ್ನು ಬಾಂಗ್ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ, ನ್ಯಾಯಾಲಯಗಳೇ ಮುಚ್ಚಿದ್ದ ಕಡತ ಅದು. ಆದರೆ ಯೂನ್ ಕಥೆ ಓದಿದ ಮೇಲೆ ಚಿತ್ರದ ಬಾಯ್ಲರ್ ಕೋಣೆ ನನ್ನ ಪಾಲಿಗೆ ಬರೀ ಸೆಟ್ಟಾಗಿ ಉಳಿದಿಲ್ಲ. ಒಂದು ಸಿನಿಮಾ ತಾನು ತಿಳಿದುಕೊಂಡದ್ದಕ್ಕಿಂತ ಹೆಚ್ಚು ಸತ್ಯ ಹೇಳಿಬಿಟ್ಟಿದೆ, ನಿಜ ಬದುಕು 16 ವರ್ಷದ ಮೇಲೆ ಬಂದು ಅದಕ್ಕೆ ಸಾಕ್ಷಿ ನುಡಿದಿದೆ. ಹೊಗಳಿಕೆ ಅಂತ ಇದ್ದರೆ ನನ್ನದು ಇದು. ಕೊಲೆಗಾರ ಸಿಕ್ಕಿದ ಮೇಲೆ ಈ ಚಿತ್ರ ಹಳತಾಗುತ್ತದೆ ಅಂದವರಿದ್ದರು. ನನಗಂತೂ ಅಂದಿನಿಂದಲೇ ಅದು ಇನ್ನೂ ತೀವ್ರವಾಗಿ ಕಾಡುತ್ತಿದೆ.

ಇನ್ನೊಂದು ಸಲ ನೋಡು. ಪಾರ್ಕ್ ಹೇ-ಇಲ್ ಮಾಡಿರುವ ಆ ಮೆತ್ತನೆ ಕೈಯ ಶಂಕಿತ ಬಂದಾಗ, ಇವನೇ ಅಂತ ನಿನಗೆ ಯಾವ ಘಳಿಗೆಯಲ್ಲಿ ಅನ್ನಿಸಿತು ಅಂತ ಗುರುತು ಹಾಕಿಕೋ. ಅಲ್ಲಿಯವರೆಗೆ ಅವನ ವಿರುದ್ಧ ಏನೇನು ಪುರಾವೆ ಇತ್ತು ಅಂತಲೂ ಬರೆದುಕೋ, ನಾನು ಜೂನಿಯರುಗಳ ಕೈಲಿ ಮಾಡಿಸುವ ಹಾಗೆ. ದಸರೆಗೆ ಬಂದಾಗ ಆ ಹಾಳೆ ತಾ. ನಿನ್ನ ರೂಮ್‌ಮೇಟನ್ನೂ ಕರೆದುಕೊಂಡು ಬಾ, ಅವನ ವಾದ ನನಗೆ ಕೇಳಬೇಕು. ಅಮ್ಮನಿಗೆ ವಾರಕ್ಕೊಮ್ಮೆಯಾದರೂ ಫೋನು ಮಾಡು.

ನಿನ್ನ
ಚಿಕ್ಕಮ್ಮ