ಮನೆಯೊಳಗೆ ಬಂದ ಶಾಲೆ

ನಾನು ಬ್ಯಾಂಕಿನ ಗುಮಾಸ್ತ. ಓದಿದ್ದು ಬಿ.ಎ. ಶಿಕ್ಷಣದ ವಿಷಯ ಬರೆಯಲು ಇವನಿಗೇನು ಅಧಿಕಾರ ಎಂದು ನಮ್ಮೂರಿನ ಮಾಸ್ತರರು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ 2020ರ ಜೂನ್ 1ರಿಂದ ಆ ವರ್ಷದ ಕೊನೆಯವರೆಗೆ ಶಾಲೆಯೇ ನಮ್ಮ ಮನೆಯ ಚಾವಡಿಗೆ ಬಂದು ಕುಳಿತಿತ್ತು. ಮನೆಗೆ ಬಂದ ನೆಂಟನ ಗುಣದೋಷಗಳನ್ನು ಹೇಳುವುದಕ್ಕೆ ಮನೆಯವನಿಗೆ ಅಷ್ಟಿಷ್ಟು ಅಧಿಕಾರ ಉಂಟಲ್ಲವೆ?

ಆ ದಿನ ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠಗಳು ಆರಂಭವಾದುವು. ಮಗಳು ಆಗ ಹತ್ತನೆಯ ತರಗತಿ, ಕನ್ನಡ ಮಾಧ್ಯಮ. ಕೊರೋನಾ ಕಾಲದಲ್ಲಿ ಶಾಲೆಯ ಬಾಗಿಲು ತೆರೆಯದಿದ್ದರೂ ಕೇರಳದಲ್ಲಿ ಪಾಠ ಮಾತ್ರ ಜೂನ್ ಒಂದಕ್ಕೇ ಶುರುವಾಯಿತು. ಇದು ಒಂದು ರಾತ್ರಿಯಲ್ಲಿ ಆದ ಕೆಲಸವಲ್ಲ. ಐ.ಟಿ. ಅಟ್ ಸ್ಕೂಲ್ ಯೋಜನೆ ಇಲ್ಲಿ ಆರಂಭವಾದದ್ದು 2001ರಲ್ಲಿ. ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ 2004ರಲ್ಲಿ ಮೇಲೇರಿತು. ಮರುವರ್ಷ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ತಿರುವನಂತಪುರದಲ್ಲಿ ವಿಕ್ಟರ್ಸನ್ನು ಉದ್ಘಾಟಿಸಿದರು. ನಾವು ಗಡಿನಾಡ ಕನ್ನಡಿಗರು ತಿರುವನಂತಪುರವನ್ನು ದೂರುವುದರಲ್ಲಿ ನಿಪುಣರು, ಆದ ಕಾರಣ ಇದನ್ನೂ ಹೇಳುವುದು ನ್ಯಾಯ.

ನಮ್ಮ ಮನೆಯ ಮಾತು ತುಳು. ಶಾಲೆಯ ಮಾತು ಕನ್ನಡ, ಅಂಗಡಿಯದು ಮಲಯಾಳ. ನನ್ನ ಬ್ಯಾಂಕಿನ ಕಾಗದಪತ್ರಗಳದು ಇಂಗ್ಲಿಷು, ಹಿಂದಿ. ಇಷ್ಟು ಭಾಷೆಗಳಿರುವ ಮನೆಯಲ್ಲಿ ಇದ್ದದ್ದು ಒಂದು ಟಿ.ವಿ., ಒಂದೇ ಒಂದು ಸ್ಮಾರ್ಟ್ ಫೋನು. ಟಿ.ವಿ.ಯಲ್ಲಿ ಹಗಲು ಬರುತ್ತಿದ್ದುದು ಮಲಯಾಳದ ಪಾಠ. ಕನ್ನಡ ಮಾಧ್ಯಮದ ಪಾಠಗಳು ಯೂಟ್ಯೂಬಿನಲ್ಲಿ ಬರುತ್ತಿದ್ದುವು, ಅದಕ್ಕೆ ಫೋನು ಬೇಕು. ಫೋನು ನನ್ನ ಕಿಸೆಯಲ್ಲಿ. ಬ್ಯಾಂಕಿಗೆ ಲಾಕ್‌ಡೌನ್ ಇರಲಿಲ್ಲವಲ್ಲ, ಬೆಳಿಗ್ಗೆ ಹೋದವನು ಮರಳುವಾಗ ಸಂಜೆ ಏಳು ಗಂಟೆ. ಮೇಲಿಂದ ನಮ್ಮ ಮನೆ ಇರುವುದು ಗುಡ್ಡದ ಬುಡದಲ್ಲಿ. ರೇಂಜ್ ಸಿಗುವುದು ಬಾವಿಕಟ್ಟೆಯ ಹತ್ತಿರ ಮಾತ್ರ. ಹೀಗಾಗಿ ಮಗಳಿಗೆ ಹಗಲು ಚಾವಡಿಯಲ್ಲಿ ಮಲಯಾಳದ ಪಾಠ, ರಾತ್ರಿ ಬಾವಿಕಟ್ಟೆಯಲ್ಲಿ ಕನ್ನಡದ ಪಾಠ. ಮಳೆ ಬಂದರೆ ಒಂದು ಕೈಯಲ್ಲಿ ಕೊಡೆ.

ಗಣಿತದ ಮೊದಲ ಅಧ್ಯಾಯವೇ ನಮಗೆ ತೊಡಕಾಯಿತು. 3, 7, 11, 15 ಹೀಗೆ ಒಂದೇ ಅಂತರದಲ್ಲಿ ಏರಿಕೊಂಡು ಹೋಗುವ ಸಂಖ್ಯೆಗಳ ಸಾಲು. ಟಿ.ವಿ.ಯ ಟೀಚರ್ ಅದನ್ನು ಸಮಾಂತರ ಶ್ರೇಣಿ ಎಂದರು. ಯೂಟ್ಯೂಬಿನಲ್ಲಿ ಒಂದು ಕನ್ನಡ ಪಾಠ ನೋಡಿದರೆ ಅದು ತಾನಾಗಿಯೇ ಇನ್ನೊಂದನ್ನು ಮುಂದಿಡುತ್ತದೆ, ಹಾಗೆ ಕರ್ನಾಟಕದ ಮಾಸ್ತರರೊಬ್ಬರು ಬಂದರು. ಅವರು ಸಮಾಂತರ ಶ್ರೇಢಿ ಎಂದರು. ಅಷ್ಟೇ ಆಗಿದ್ದರೆ ಉಚ್ಚಾರದ ವ್ಯತ್ಯಾಸ ಎನ್ನಬಹುದಿತ್ತು. ಆದರೆ ಅದೇ ಸಂಖ್ಯೆಗಳ ನಡುವೆ ಕೂಡಿಸುವ ಚಿಹ್ನೆ ಹಾಕಿ ಬರೆದಾಗ ಅವರು ಅದನ್ನು ಶ್ರೇಣಿ ಎಂದರು! ಹಗಲಿನ ಶ್ರೇಣಿ ಒಂದು, ರಾತ್ರಿಯ ಶ್ರೇಣಿ ಇನ್ನೊಂದು. ವಿಜ್ಞಾನದಲ್ಲಿಯೂ ಹಾಗೆಯೇ, ಹಗಲು ಪ್ರಕಾಶಸಂಶ್ಲೇಷಣಂ, ರಾತ್ರಿ ದ್ಯುತಿಸಂಶ್ಲೇಷಣೆ. ತ್ರಿಕೋಣಂ ಬೆಳಗ್ಗೆ, ತ್ರಿಭುಜ ರಾತ್ರಿ. ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವ ಮಿತ್ರರಿಗೆ ಇದು ನಗೆಯ ವಿಷಯವಾಗಿ ಕಾಣಬಹುದು. ನಮ್ಮ ಮಕ್ಕಳಿಗೆ ಇದು ದಿನನಿತ್ಯದ ಹೊರೆ.

ಆದರೂ ಆ ಕರ್ನಾಟಕದ ಮಾಸ್ತರರು ಬಾವಿಕಟ್ಟೆಗೆ ಬಂದರಲ್ಲ ಎಂಬುದೇ ನನಗೆ ದೊಡ್ಡ ಸಂಗತಿ. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ 1956ರಲ್ಲಿ ನಕ್ಷೆಯ ಮೇಲೆ ಎಳೆದ ಗೆರೆ, 2020ರ ಮಾರ್ಚಿನಲ್ಲಿ ರಸ್ತೆಗೆ ಅಡ್ಡ ಸುರಿದ ಮಣ್ಣಿನ ರಾಶಿಯಾಗಿ ಕಣ್ಣಿಗೆ ಕಂಡಿತು. ಮಂಗಳೂರಿನ ಆಸ್ಪತ್ರೆಗೆ ಹೋಗುವವರೂ ಗಡಿಯಲ್ಲಿ ನಿಂತರು. ಆ ದಿನಗಳಲ್ಲಿ ಗಡಿ ದಾಟಿ ಬರಲು ಯಾರ ಅಪ್ಪಣೆಯೂ ಬೇಡವಾದದ್ದು ಪಾಠಕ್ಕೆ ಮಾತ್ರ.

ಮೊದಲ ತಿಂಗಳು ನನಗೆ ಎಲ್ಲವೂ ಒಳ್ಳೆಯದಾಗಿಯೇ ಕಂಡಿತು. ತರಗತಿಯಲ್ಲಿ ಮಾಸ್ತರರನ್ನು 'ಸ್ವಲ್ಪ ನಿಲ್ಲಿ, ಹಿಂದಿನಿಂದ ಇನ್ನೊಮ್ಮೆ ಹೇಳಿ' ಎಂದು ನಿಲ್ಲಿಸುವ ಧೈರ್ಯ ನನಗೆ ಇರಲಿಲ್ಲ. 1995ರಲ್ಲಿ ಎಸ್.ಎಸ್.ಎಲ್.ಸಿ. ಬರೆಯುವವರೆಗೂ ಹಿಂದಿನ ಬೆಂಚಿನಲ್ಲಿ ಅರ್ಥವಾದವನಂತೆ ತಲೆಯಾಡಿಸಿ ಕಳೆದೆ. ಮಗಳಿಗೆ ಒಂದು ಬೆರಳು ಮುಟ್ಟಿಸಿದರೆ ಟೀಚರ್ ನಿಲ್ಲುತ್ತಾರೆ, ಹಿಂದೆ ಹೋಗುತ್ತಾರೆ, ಬೇಸರಿಸದೆ ಹತ್ತು ಸಲ ಹೇಳುತ್ತಾರೆ. ಜಿಯೋಜಿಬ್ರಾದಲ್ಲಿ ತ್ರಿಭುಜದ ಒಂದು ಮೂಲೆ ಹಿಡಿದೆಳೆದರೆ ಇಡೀ ಚಿತ್ರವೇ ಹಿಗ್ಗುವುದನ್ನು ನಾನೂ ಬಾವಿಕಟ್ಟೆಯಲ್ಲಿ ಕುಳಿತು ಬೆರಗಾಗಿ ನೋಡಿದೆ. ಈ ಭಾಗ್ಯ ನಮಗಿರಲಿಲ್ಲ ಎಂದು ಹೆಂಡತಿಯ ಹತ್ತಿರ ಹೇಳಿದ್ದೂ ಉಂಟು.

ಜುಲೈಯಲ್ಲಿ ಒಂದು ರಾತ್ರಿ, ಮಗಳು ಮಲಗಿದ ಮೇಲೆ, ಪೆನ್ನು ಹುಡುಕುತ್ತಾ ಅವಳ ಗಣಿತದ ಪುಸ್ತಕ ತೆರೆದೆ. ಪ್ರತಿ ಪುಟದ ತಲೆಯಲ್ಲಿ ತಾರೀಕು, ಪಾಠದ ಹೆಸರು, 'ನೋಡಿದ್ದೇನೆ' ಎಂಬ ಒಂದು ಶಬ್ದ. ಅದರ ಕೆಳಗೆ ಏನೂ ಇಲ್ಲ. ಪುಟ ಮಗುಚಿದರೆ ಮತ್ತೆ ತಾರೀಕು, ಮತ್ತೆ 'ನೋಡಿದ್ದೇನೆ'. ತರಗತಿಯ ವಾಟ್ಸಪ್ ಗುಂಪಿಗೆ ಪ್ರತಿದಿನ ಈ ಪುಟದ ಫೋಟೋ ಹೋಗಬೇಕಿತ್ತು, ಹೋಗುತ್ತಿತ್ತು. ಹದಿನೆಂಟು ಪುಟ ಎಣಿಸಿ ನಿಲ್ಲಿಸಿದೆ.

ಬೆಳಿಗ್ಗೆ ಗದರಿಸಿದೆ. ಎತ್ತರದ ಸ್ವರದಲ್ಲಿಯೇ ಗದರಿಸಿದೆ. ಅವಳು ಅಳಲಿಲ್ಲ.

"ಅಪ್ಪಾ, ನೀವು ಬ್ಯಾಂಕಿನ ಪಾಠ ನೋಡುವುದು ಹೇಗೆ?" ಎಂದಳು.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಬ್ಯಾಂಕಿನಲ್ಲಿಯೂ ಆನ್‌ಲೈನ್ ಕಲಿಕೆ ಉಂಟು. ಗಿರಾಕಿಯ ಗುರುತು ಪರಿಶೀಲನೆ, ಸೈಬರ್ ವಂಚನೆ, ಸಾಲದ ನಿಯಮ ಹೀಗೆ ಒಂದೊಂದು ವಿಷಯಕ್ಕೆ ಮೂವತ್ತು ನಲ್ವತ್ತು ಪುಟ. ಎಲ್ಲರೂ ಕಡ್ಡಾಯವಾಗಿ ಕಲಿಯಬೇಕು, ಕೊನೆಗೆ ಪರೀಕ್ಷೆ, ಉತ್ತೀರ್ಣರಾದರೆ ಪ್ರಮಾಣಪತ್ರ. ನಾನು ಅದನ್ನು ಕಲಿಯುವ ಕ್ರಮ ಇಷ್ಟೇ: ಊಟವಾದ ಮೇಲೆ ಮಲಗಿಕೊಂಡು 'ನೆಕ್ಸ್ಟ್' ಎಂಬಲ್ಲಿ ಹೆಬ್ಬೆರಳು ಇಟ್ಟುಕೊಳ್ಳುವುದು. ಪರೀಕ್ಷೆಯ ಉತ್ತರಗಳು ಸಹೋದ್ಯೋಗಿಗಳ ಗುಂಪಿನಲ್ಲಿ ಮೊದಲೇ ಬಂದಿರುತ್ತವೆ. ಮಗಳು ಪಕ್ಕದಲ್ಲಿ ಕುಳಿತು ಇದನ್ನೆಲ್ಲ ನೋಡಿದ್ದಳು. ನೂರಕ್ಕೆ ನೂರು ಬಂದಾಗ "ಅಪ್ಪನಿಗೆ ಫುಲ್ ಮಾರ್ಕ್" ಎಂದು ಅಜ್ಜಿಗೆ ಕೂಗಿ ಹೇಳಿದವಳೂ ಅವಳೇ.

ನಾನು ಉತ್ತರ ಕೊಡದೆ ಬಸ್ಸಿಗೆ ಹೊರಟೆ.

ನಮ್ಮ ಕಡೆಯವರಿಗೆ ತಾಳಮದ್ದಳೆ ಎಂದರೆ ಏನೆಂದು ಹೇಳಬೇಕಾಗಿಲ್ಲ, ಪಾರ್ತಿಸುಬ್ಬನ ಸೀಮೆ ಇದು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿದ್ದ ತಂತ್ರಜ್ಞಾನವೆಂದರೆ ಮಂಗಳೂರು ಆಕಾಶವಾಣಿ ಹಿಡಿಯುವ ಒಂದು ರೇಡಿಯೋ. ಅದರಲ್ಲಿ ತಾಳಮದ್ದಳೆ ಕೇಳಿಯೇ ನನ್ನ ಅರ್ಧ ಕನ್ನಡ ಬಂದದ್ದು. ಅರ್ಥಧಾರಿ ಎಷ್ಟೇ ದೊಡ್ಡವನಾಗಿರಲಿ, ಎದುರಿನಲ್ಲಿ ಇನ್ನೊಬ್ಬ ಕುಳಿತು 'ಅದು ಹೇಗೆ?' ಎಂದು ಕೇಳದಿದ್ದರೆ ರಸವಿಲ್ಲ. ಕರ್ಣನ ಪ್ರಶ್ನೆ ಸರಿಯಾಗಿದ್ದರೆ ಮಾತ್ರ ಕೃಷ್ಣನ ಮಾತಿಗೆ ಬೆಲೆ. ಮಗಳ ಮುಂದೆ ಇದ್ದದ್ದು ಎದುರು ಅರ್ಥಧಾರಿ ಇಲ್ಲದ ತಾಳಮದ್ದಳೆ. ಒಬ್ಬರೇ ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ಅರ್ಧ ಗಂಟೆಗೆ ಮಂಗಳ ಹಾಡುತ್ತಾರೆ.

ಮಧ್ಯಾಹ್ನ ಅವಳ ಗಣಿತದ ಟೀಚರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ. ದೂರು ಎಂದು ತಿಳಿದುಕೊಂಡಾರೆಂಬ ಅಳುಕಿನಿಂದ ನನ್ನ ಬ್ಯಾಂಕಿನ ಪಾಠದ ಕಥೆಯನ್ನೂ ಸೇರಿಸಿದೆ. ಅವರು ನಕ್ಕರು. ಹೆಚ್ಚಿನ ಮಕ್ಕಳ ಪುಸ್ತಕವೂ ಹೀಗೆಯೇ ಎಂಬುದು ಅವರಿಗೆ ಗೊತ್ತಿತ್ತು. ಆ ಸಂಜೆ ಗುಂಪಿಗೆ ಅವರ ಸ್ವರಸಂದೇಶ ಬಂತು: "ಮಕ್ಕಳೇ, ನಾಳೆಯಿಂದ ಯಾರೂ 'ನೋಡಿದ್ದೇನೆ' ಅಂತ ಬರೆಯಬೇಡಿ. ಪಾಠದಲ್ಲಿ ಗೊತ್ತಾಗದ್ದು ಯಾವುದು, ಅದನ್ನು ಒಂದು ಪ್ರಶ್ನೆ ಮಾಡಿ ಕಳಿಸಿ. ಪ್ರಶ್ನೆ ಇಲ್ಲದವರು ಪಾಠ ನೋಡಲಿಲ್ಲ ಅಂತ ನಾನು ಬರೆದುಕೊಳ್ಳುತ್ತೇನೆ. ಕನ್ನಡದಲ್ಲಿ ಆಗದಿದ್ದರೆ ತುಳುವಿನಲ್ಲಿ ಕೇಳಿ, ಮಲಯಾಳದಲ್ಲಿ ಕೇಳಿ. ಬಾಯಿ ಮಾತ್ರ ಬಿಡಿ."

ನಾನು ನನ್ನ ಪಾಲಿಗೆ ಒಂದು ಕೆಲಸ ಮಾಡಿದೆ. ಪೆಟ್ಟಿಗೆಯಲ್ಲಿದ್ದ ಹಳೆಯ ಗುಂಡಿ ಒತ್ತುವ ಫೋನನ್ನು ಬ್ಯಾಂಕಿಗೆ ಕೊಂಡುಹೋಗಿ ದೊಡ್ಡದನ್ನು ಮನೆಯಲ್ಲಿ ಬಿಟ್ಟೆ. ಗುಂಪಿನಲ್ಲಿ ಹಾಕಿದ ಸುತ್ತೋಲೆ ನೋಡಲಿಲ್ಲವೇಕೆಂದು ಮ್ಯಾನೇಜರರು ಎರಡು ಸಲ ಕೇಳಿದರು. ಫೋನು ಹಾಳಾಗಿದೆ ಸರ್ ಎಂದೆ. ಆ ಸುಳ್ಳು ಡಿಸೆಂಬರಿನವರೆಗೆ ಬಾಳಿಕೆ ಬಂತು.

ಮಗಳ ಮೊದಲ ಪ್ರಶ್ನೆ ಶ್ರೇಣಿ, ಶ್ರೇಢಿಯದ್ದೇ. ಟೀಚರ್ ಎರಡು ಭಾಷೆಯ ಶಬ್ದಗಳನ್ನೂ ಒಂದು ಹಾಳೆಯಲ್ಲಿ ಎದುರೆದುರು ಬರೆದು ಫೋಟೋ ಕಳಿಸಿದರು. ಅದನ್ನು ಗೋಡೆಗೆ ಅಂಟಿಸಿದೆವು. ಅನಂತರ ಒಂದು ಲೆಕ್ಕ ಬಂತು, ಅದೂ ಅವರ ಸ್ವರದಲ್ಲಿ: "ನಿನ್ನ ಅಜ್ಜಿ ಬೀಡಿ ಕಟ್ಟುತ್ತಾರಲ್ಲ? ಮೊದಲ ದಿನ 300 ಬೀಡಿ, ಮತ್ತೆ ದಿನಕ್ಕೆ ಒಂದೊಂದು ಕಟ್ಟು ಹೆಚ್ಚು. ಆರನೆಯ ದಿನ ಎಷ್ಟು? ಆರು ದಿನಕ್ಕೆ ಒಟ್ಟು ಎಷ್ಟು?"

ಕಟ್ಟಿಗೆ 25 ಬೀಡಿ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆರನೆಯ ದಿನ 425, ಒಟ್ಟು 2175. ಮಗಳು ಬರೆದು ಮುಗಿಸುವ ಮೊದಲೇ ತಡ್ಪೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಅಮ್ಮ ಬೆರಳು ಮಡಚಿ ಉತ್ತರ ಹೇಳಿದರು, ಸೇರಿಸಿ ಕೇಳಿದರು: "ಅಷ್ಟು ಕಟ್ಟಲಿಕ್ಕೆ ಬ್ರಾಂಚಿನಲ್ಲಿ ಎಲೆ ಕೊಡುವುದು ಯಾರು?" ಲಾಕ್‌ಡೌನ್ ಮುಗಿದ ಮೇಲೂ ಎಲೆ, ಹೊಗೆಸೊಪ್ಪು ಅಳೆದು ಕೊಡುತ್ತಿದ್ದ ಕಾಲ ಅದು.

ಅಮ್ಮ ಓದಿದ್ದು ನಾಲ್ಕನೆಯ ತರಗತಿ. ಜೂನ್‌ನಿಂದ ಟಿ.ವಿ.ಯ ಮುಂದೆ ಬೀಡಿ ಕಟ್ಟುತ್ತಾ ಹತ್ತನೆಯ ತರಗತಿಯ ಎಲ್ಲ ಪಾಠಗಳಿಗೂ ಅವರ ಹಾಜರಿ ಇತ್ತು. ಅದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ವಾರ ಕಳೆದು ಮಗಳು ಏನು ಪ್ರಶ್ನೆ ಕಳಿಸುವುದೆಂದು ಹುಡುಕುತ್ತಿದ್ದಾಗ ಅಮ್ಮ ಹೇಳಿದರು: "ನನ್ನದೊಂದು ಕೇಳು ಮಗಾ. ಮೊದಲು ದಿನಕ್ಕೆ ಸಾವಿರ ಕಟ್ಟುತ್ತಿದ್ದೆ. ಈಗ ನಾನೂರು. ತಿಂಗಳಿಗೆ ಒಂದೊಂದು ಕಟ್ಟು ಕಮ್ಮಿ ಆದರೆ ಸೊನ್ನೆ ಆಗುವುದು ಯಾವಾಗ?"

ಮಗಳು ನನ್ನ ಮುಖ ನೋಡಿದಳು. ಮತ್ತೆ ಪುಸ್ತಕ ತೆರೆದು 400, 375, 350 ಎಂದು ಬರೆಯತೊಡಗಿದಳು, ಸ್ವಲ್ಪ ಹೊತ್ತಿಗೆ ಅದನ್ನು ಬಿಟ್ಟು ಸೂತ್ರಕ್ಕೆ ಬಂದಳು. ಅಂತರ ಋಣ 25. ಸೊನ್ನೆ ಬರುವುದು 17ನೆಯ ಪದವಾಗಿ. ಏರುವ ಸಾಲು ಮಾತ್ರವಲ್ಲ, ಇಳಿಯುವ ಸಾಲೂ ಇದೇ ನಿಯಮಕ್ಕೆ ಒಳಪಟ್ಟದ್ದು ಎಂಬುದು ಅವಳಿಗೆ ಟಿ.ವಿ.ಯಿಂದಲೂ ಹೊಳೆದಿರಲಿಲ್ಲ, ಬಾವಿಕಟ್ಟೆಯಲ್ಲೂ ಹೊಳೆದಿರಲಿಲ್ಲ. "ಹದಿನೇಳನೆಯ ತಿಂಗಳು ಅಜ್ಜಿ" ಎಂದಳು. "ಅಷ್ಟು ಉಂಟಲ್ಲ, ಸಾಕು" ಎಂದು ಅಮ್ಮ ಕತ್ತರಿ ಎತ್ತಿಕೊಂಡರು. ಆ ಪ್ರಶ್ನೆ ಗುಂಪಿಗೆ ಹೋಯಿತು. ಟೀಚರ ಉತ್ತರ ಮಗಳಿಗಲ್ಲ, ಅಮ್ಮನಿಗೆ ಬಂತು: "ಅಜ್ಜೀ, ನಮಸ್ಕಾರ. ನಿಮ್ಮ ಲೆಕ್ಕ ಪುಸ್ತಕದಲ್ಲಿ ಇಲ್ಲ. ನಾನು ಎಲ್ಲ ಮಕ್ಕಳಿಗೂ ಅದನ್ನೇ ಕೊಡುತ್ತೇನೆ."

ಇದರಿಂದ ಎಲ್ಲವೂ ಸರಿಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಬ್ಬ ಟೀಚರ್ ರಾತ್ರಿ ಹತ್ತರವರೆಗೆ ಮಕ್ಕಳ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿದ್ದು ಯಾವ ಯೋಜನೆಯಲ್ಲೂ ಬರೆದಿರಲಿಲ್ಲ. ಅವರ ಗಂಟಲು ಕೆಟ್ಟು ಒಂದು ವಾರ ನಿಂತಾಗ ಎಲ್ಲವೂ ನಿಂತಿತು. ಉಳಿದ ವಿಷಯಗಳ ಪುಸ್ತಕದಲ್ಲಿ 'ನೋಡಿದ್ದೇನೆ' ಮುಂದುವರಿಯಿತು, ನಾನು ಕಂಡೂ ಕಾಣದವನಂತಿದ್ದೆ. ಫೋನು ಮನೆಯಲ್ಲೇ ಇಲ್ಲದ ಇಬ್ಬರು ಮಕ್ಕಳು ಅವಳ ತರಗತಿಯಲ್ಲಿದ್ದರು. ಅವರ ಪ್ರಶ್ನೆಗಳನ್ನು ಮಗಳೇ ಕೆಲವು ದಿನ ಕೇಳಿ ಬಂದು ಕಳಿಸುತ್ತಿದ್ದಳು, ಎಲ್ಲ ದಿನವೂ ಅಲ್ಲ.

2021ರ ಜನವರಿ 1ರಂದು ಹತ್ತನೆಯವರಿಗೆ ಶಾಲೆ ತೆರೆಯಿತು. ಏಪ್ರಿಲಿನಲ್ಲಿ ಪರೀಕ್ಷೆ ನಡೆದು ಮಗಳು ತೇರ್ಗಡೆಯಾದಳು. ಮುಂದೆ ಗಣಿತವನ್ನೇ ತೆಗೆದುಕೊಂಡಳು, ಅದಕ್ಕೆ ಬೀಡಿಯ ಲೆಕ್ಕ ಕಾರಣವೋ ಬೇರೇನೋ, ಕೇಳಿದರೆ ನಗುತ್ತಾಳೆ. ಅಮ್ಮ ಮಾತ್ರ ಹದಿನೇಳು ತಿಂಗಳು ಕಾಯಲಿಲ್ಲ. ಕಣ್ಣಿಗೆ ಪೊರೆ ಬಂದು, ಹನ್ನೊಂದನೆಯ ತಿಂಗಳಿಗೇ ತಡ್ಪೆ ಅಟ್ಟ ಸೇರಿತು.

ಇತ್ತೀಚೆಗೆ ನನ್ನ ಫೋನು ಜಾಗವಿಲ್ಲವೆಂದು ಹಟ ಹಿಡಿಯಿತು. ಬ್ಯಾಂಕಿನ ಪ್ರಮಾಣಪತ್ರಗಳು ಇಪ್ಪತ್ತಕ್ಕೂ ಮಿಕ್ಕಿ ಇದ್ದುವು. ಒಂದನ್ನು ತೆರೆದು ನೋಡಿದೆ, ಅದರಲ್ಲಿ ನಾನು ಏನು ಕಲಿತಿದ್ದೇನೆಂದು ನೆನಪಾಗಲಿಲ್ಲ. ಎಲ್ಲವನ್ನೂ ಅಳಿಸಿದೆ. ಟೀಚರ ಸ್ವರಸಂದೇಶಗಳಿಗೆ ಕೈ ಹಚ್ಚಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಒಮ್ಮೊಮ್ಮೆ ಕೇಳುವುದುಂಟು, "ಆ ಟೀಚರ್ ನನ್ನ ಲೆಕ್ಕ ಹೇಳಿದ್ದು ಉಂಟಲ್ಲ, ಅದೊಂದು ಹಾಕು."