ಸನ್ನಿವೇಲ್ ಮನೆಯ ನಂದಾದೀಪ

ಕ್ಯಾಲಿಫೋರ್ನಿಯಾ ಅಂದ್ರೆ ವರ್ಷವಿಡೀ ಬಿಸಿಲು ಅಂದುಕೊಂಡು ಬಂದವರಿಗೆ ಸನ್ನಿವೇಲ್‌ನ ಡಿಸೆಂಬರ್ ರಾತ್ರಿ ಸ್ವೆಟರ್ ಹುಡುಕಿಸುತ್ತೆ. ಹಿಮ ಬೀಳಲ್ಲ, ಆದ್ರೆ ಉಷ್ಣಾಂಶ ನಾಲ್ಕೈದು ಡಿಗ್ರಿಗೆ ಇಳಿಯುತ್ತೆ. ಇಲ್ಲಿನ ಹಳೆಯ ಬಡಾವಣೆಗಳಲ್ಲಿ ನಡೆದರೆ ಸಾಲು ಸಾಲು ಇಟ್ಟಿಗೆ ಚಿಮಣಿಗಳು ಕಾಣುತ್ತವೆ. ಹೊಗೆ ಮಾತ್ರ ಅಪರೂಪ. ಗಾಳಿ ಕೆಟ್ಟಿದೆ ಎಂದು ಘೋಷಿಸಿದ ದಿನ ಸೌದೆ ಉರಿಸುವಂತಿಲ್ಲ. 2016ರ ನವೆಂಬರ್‌ನಿಂದ ಬೇ ಏರಿಯಾದ ಹೊಸ ಕಟ್ಟಡಗಳಲ್ಲಿ ಸೌದೆಯ ಅಗ್ಗಿಷ್ಟಿಕೆ ಕೂರಿಸುವುದಕ್ಕೂ ಅವಕಾಶವಿಲ್ಲ. ಹೀಗಾಗಿ ಬೆಂಕಿ ಮುಂದೆ ಕೂರುವ ಆಸೆಗೆ ಉಳಿದಿರುವುದು ಹೆಚ್ಚಾಗಿ ಗ್ಯಾಸ್ ಫೈರ್‌ಪ್ಲೇಸ್.

ನಮ್ಮ ಬಾಡಿಗೆ ಮನೆಯಲ್ಲೂ ಹಳೆಯದೊಂದಿದೆ. ಗಾಜಿನ ಹಿಂದೆ ಸೆರಾಮಿಕ್ ಕೊರಡುಗಳು, ಅವುಗಳ ಕೆಳಗೆ ಬೆರಳ ತುದಿಯಷ್ಟು ನೀಲಿ ಉರಿ. ಇದೇ ಪೈಲಟ್ ಲೈಟ್. ಸ್ವಿಚ್ ಒತ್ತಿದಾಗ ದೊಡ್ಡ ಬೆಂಕಿ ಹೊತ್ತಿಸೋದು ಇದರ ಕೆಲಸ. ಉಳಿದ ಹೊತ್ತೆಲ್ಲ ಸುಮ್ಮನೆ ಉರೀತಿರುತ್ತೆ. ಊರಿಂದ ಬಂದಿದ್ದ ಅಮ್ಮ ನೋಡಿ, "ಏನೋ ಇದು, ನಂದಾದೀಪ ಇಟ್ಟ ಹಾಗಿದೆ! ಆರಿಸೋದೇ ಇಲ್ವಾ?" ಅಂದ್ರು.

ನಾನು ಲೆಕ್ಕ ಹಾಕಿದೆ. ಇಂಥ ಪೈಲಟ್ ಗಂಟೆಗೆ ಸುಮಾರು 1000 ಬಿಟಿಯು ಶಾಖದಷ್ಟು ಗ್ಯಾಸ್ ಸುಡುತ್ತೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 87 ಥರ್ಮ್ ದಾಟುತ್ತೆ. ನಮ್ಮೂರಿನ 14.2 ಕೆಜಿ ಸಿಲಿಂಡರ್ ಲೆಕ್ಕದಲ್ಲಿ ಹೆಚ್ಚುಕಡಿಮೆ 13 ಸಿಲಿಂಡರ್! ಚಳಿಗಾಲದಲ್ಲಾದರೆ ಅದರ ಸ್ವಲ್ಪ ಬಿಸಿ ಮನೆಗೆ ಸಿಗುತ್ತೆ. ಜುಲೈನಲ್ಲಿ? ಯಾರೂ ಬಳಸದ ಸರ್ವರ್ ಆನ್ ಮಾಡಿಟ್ಟು ಬಿಲ್ ಕಟ್ಟಿದ ಹಾಗೆ.

ಕ್ಯಾಲಿಫೋರ್ನಿಯಾದ ನಿಯಮ ಕೈಹಾಕಿರುವುದು ಇಲ್ಲಿಗೇ. 1978ರಿಂದ ಪರಿಷ್ಕರಣೆಯಾಗುತ್ತಾ ಬಂದಿರುವ 'ಟೈಟಲ್ 24' ಕಟ್ಟಡ ಇಂಧನ ಸಂಹಿತೆಯ ಪ್ರಕಾರ ಹೊಸದಾಗಿ ಕೂರಿಸುವ ಫೈರ್‌ಪ್ಲೇಸ್‌ನಲ್ಲಿ ಸದಾ ಉರಿಯುವ ಪೈಲಟ್ ಇರುವಂತಿಲ್ಲ. ಬೇಕಾದಾಗ ಎಲೆಕ್ಟ್ರಾನಿಕ್ ಕಿಡಿಯಿಂದ ಹೊತ್ತಬೇಕು. ಗೂಡಿಗೆ ಮುಚ್ಚುವ ಬಾಗಿಲು ಬೇಕು, ಉರಿಯಲು ಬೇಕಾದ ಗಾಳಿ ಹೊರಗಿನಿಂದ ಬರಬೇಕು. ಇಲ್ಲದಿದ್ದರೆ ದುಡ್ಡು ಕೊಟ್ಟು ಬಿಸಿ ಮಾಡಿದ ಮನೆಯ ಗಾಳಿಯೇ ಚಿಮಣಿಯಲ್ಲಿ ಹೊರಟುಹೋಗುತ್ತೆ. ಹಳೆಯದನ್ನು ಕಿತ್ತುಹಾಕಿ ಅಂತ ಮಾತ್ರ ಈ ಸಂಹಿತೆ ಹೇಳಲ್ಲ. ಫೆಡರಲ್ ಇಂಧನ ಇಲಾಖೆ 2015ರಲ್ಲಿ ಇಡೀ ದೇಶಕ್ಕೆ ಪೈಲಟ್ ನಿಷೇಧ ಪ್ರಸ್ತಾಪಿಸಿತ್ತು, ಅದು ಜಾರಿಯಾಗಲಿಲ್ಲ.

ಹಾಗಾದ್ರೆ ಹಳೆಯದು ಬರೀ ದಂಡವಾ? ಅಲ್ಲ. 2023ರ ಮಾರ್ಚ್‌ನ ಬಿರುಗಾಳಿಗೆ ಬೇ ಏರಿಯಾದಲ್ಲಿ ಲಕ್ಷಾಂತರ ಕಡೆ ಕರೆಂಟ್ ಹೋಯಿತು. ಫ್ಯಾನ್ ತಿರುಗದೆ ಮನೆಯ ಹೀಟರ್ ನಿಂತಿತು. ಅಪ್ಪ-ಅಮ್ಮ ಕಂಬಳಿ ಹೊದ್ದು ಕೂತಿದ್ದರು. ಫೈರ್‌ಪ್ಲೇಸ್ ಮಾತ್ರ ಹೊತ್ತಿಕೊಂಡಿತು. ಆ ಪುಟ್ಟ ಉರಿಯ ಶಾಖದಿಂದಲೇ ಒಂದು ವೋಲ್ಟ್‌ಗಿಂತ ಕಡಿಮೆ ವಿದ್ಯುತ್ ಹುಟ್ಟಿ ಗ್ಯಾಸ್ ವಾಲ್ವ್ ತೆರೆಯುತ್ತೆ, ಹೊರಗಿನ ಕರೆಂಟೇ ಬೇಡ. ಎಲೆಕ್ಟ್ರಾನಿಕ್ ಕಿಡಿಗೆ ಕರೆಂಟ್ ಅಥವಾ ಬ್ಯಾಟರಿ ಬೇಕೇ ಬೇಕು.

ಆಮೇಲೆ ಮನೆ ಮಾಲೀಕರು ಹೊಸದು ಹಾಕಿಸಲು ಮುಂದೆ ಬಂದಾಗ ನಾನೂ ಹೆಂಡತಿಯೂ ಕೂತು ಯೋಚಿಸಿದೆವು. ಉಳಿತಾಯ ಬೇಕು, ಅಂಥ ರಾತ್ರಿಯ ಬಿಸಿಯೂ ಬೇಕು. ಕೊನೆಗೆ ಬ್ಯಾಟರಿ ಬ್ಯಾಕಪ್ ಇರುವ ಮಾಡೆಲ್ ಕೇಳಿದೆವು. ಅದು ಬರುವ ತನಕ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪೈಲಟ್ ಆಫ್; ನವೆಂಬರ್‌ನಲ್ಲಿ ಟೆಕ್ನಿಷಿಯನ್ ಬಂದು ಪರೀಕ್ಷಿಸಿ ಹೊತ್ತಿಸಿಕೊಡುತ್ತಾರೆ.

ನೀವೂ ಈ ಕಡೆ ಮನೆ ನೋಡುತ್ತಿದ್ದರೆ ಮೂರು ಪ್ರಶ್ನೆ ಮರೀಬೇಡಿ: ಪೈಲಟ್ ಸದಾ ಉರಿಯುತ್ತಾ? ಕರೆಂಟ್ ಹೋದರೆ ಹೊತ್ತುತ್ತಾ? ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡ್ತಿದೆಯಾ? ಬೆಂಕಿ ಚೆಂದ ಕಾಣುತ್ತಾ ಅನ್ನೋದನ್ನ ಆಮೇಲೆ ನೋಡಿದರಾಯ್ತು.